ದಿನದ ಊಟದಲ್ಲಿ ಸಿಹಿ: ಜೈನ ಮನೆಗಳ ರೂಢಿ, ನಿಯಮ, ಮರ್ಯಾದೆ

ಊಟವಾದ ಮೇಲೆ ಬಟ್ಟಲಲ್ಲಿ ಬೇರೆಯಾಗಿ ಸಿಹಿ ತಿನ್ನುವುದು ಕರ್ನಾಟಕದ ಜೈನ ಮನೆಗಳ ಹಳೆಯ ಪದ್ಧತಿಯಲ್ಲ. ಎಲೆಯ ಊಟದಲ್ಲಿ ಪಾಯಸ ಮೊದಲು ಬೀಳುತ್ತದೆ, ಮಜ್ಜಿಗೆ ಅನ್ನ ಕೊನೆಗೆ ಬರುತ್ತದೆ. ಗುಜರಾತಿ ಮತ್ತು ಮಾರವಾಡಿ ಶ್ವೇತಾಂಬರ ಮನೆಗಳಲ್ಲೂ ಮಿಠಾಯಿ ತಟ್ಟೆಯಲ್ಲಿ ರೊಟ್ಟಿ, ದಾಲ್ ಜೊತೆಯಲ್ಲೇ ಇರುತ್ತದೆ. ಕೊನೆಗೆ ಬರುವುದು ಛಾಸ್, ಆಮೇಲೆ ಒಂದು ಚಿಟಿಕೆ ಮುಖವಾಸ. ಸಿಹಿಯನ್ನು ಊಟದ ತುದಿಗೆ ತಂದದ್ದು ಹೋಟೆಲು, ಮದುವೆ ಮಂಟಪ ಮತ್ತು ಮನೆಯ ಫ್ರಿಜ್. ಹಾಗಾಗಿ "ದಿನಾ ಊಟದ ನಂತರ ಸಿಹಿ ತಿನ್ನುತ್ತೀರಾ" ಎಂದು ಕೇಳಿದರೆ ಬಹಳಷ್ಟು ಹಿರಿಯರು ಇಲ್ಲ ಎಂದೇ ಹೇಳುತ್ತಾರೆ. ಚಪಾತಿಗೆ ಹಚ್ಚಿಕೊಂಡ ತುಪ್ಪ-ಸಕ್ಕರೆ, ರೊಟ್ಟಿಯ ಕೊನೆಯ ತುಂಡಿನ ಜೊತೆ ಬಾಯಿಗೆ ಹಾಕಿಕೊಂಡ ಬೆಲ್ಲದ ಚೂರು ಅವರ ಲೆಕ್ಕದಲ್ಲಿ ಸಿಹಿಯೇ ಅಲ್ಲ. ಮನೆಯಲ್ಲಿ ಯಾರಾದರೂ ಸಿಹಿ ತ್ಯಾಗದ ನಿಯಮ ಹಿಡಿದಾಗ, ಅಥವಾ ಯಾರಿಗಾದರೂ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ, ಈ ಲೆಕ್ಕಕ್ಕೆ ಬಾರದ ಸಿಹಿಯೇ ಮೊದಲ ಪ್ರಶ್ನೆಯಾಗುತ್ತದೆ.

ಪ್ರದೇಶದಿಂದ ಪ್ರದೇಶಕ್ಕೆ

2011ರ ಜನಗಣತಿಯಂತೆ ರಾಜ್ಯದಲ್ಲಿ ಜೈನರ ಸಂಖ್ಯೆ 4,40,280. ಇವರಲ್ಲಿ ದೊಡ್ಡ ಪಾಲು ಬೆಳಗಾವಿ ಮತ್ತು ಅದರ ಸುತ್ತಲಿನ ಜಿಲ್ಲೆಗಳ ದಿಗಂಬರ ಒಕ್ಕಲು ಮನೆತನಗಳು. ಕಬ್ಬು ಬೆಳೆಯುವ ಸೀಮೆಯಾದ್ದರಿಂದ ಅಲ್ಲಿನ ಅಡುಗೆಮನೆಯಲ್ಲಿ ಬೆಲ್ಲಕ್ಕೆ ಬರವಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆ ದೂರದೂರಿಗೂ ಹೆಸರಾದದ್ದು. ಹಾಗಿದ್ದೂ ದಿನದ ಊಟ ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆಯೇ. ಗೋಧಿ ಹುಗ್ಗಿ, ಮಾದ್ಲಿ, ಕಡಬು, ಶೇಂಗಾ ಹೋಳಿಗೆ ಇವೆಲ್ಲ ಹಬ್ಬ, ನೋಂಪಿ, ಅಮಾವಾಸ್ಯೆ, ಬೀಗರ ಊಟಕ್ಕೆ ಮೀಸಲು. ಮನೆಗೆ ಅನಿರೀಕ್ಷಿತವಾಗಿ ಯಾರಾದರೂ ಬಂದರೆ ಹತ್ತು ನಿಮಿಷದಲ್ಲಿ ಸಜ್ಜಕವೋ ಶಿರಾವೋ ಆಗುತ್ತದೆ. ಮಾವಿನ ಕಾಲದ ಆರೇಳು ವಾರ ಮಾತ್ರ ಲೆಕ್ಕ ತಪ್ಪುತ್ತದೆ. ಆಗ ಸೀಕರಣೆ ಬಹುತೇಕ ದಿನವೂ ಉಂಟು, ಅದಕ್ಕೆ ಹೋಳಿಗೆ ಜೊತೆಯಾದರೆ ಆ ದಿನ ಬೇರೆ ಅಡುಗೆ ಬೇಡ.

ಮೂಡುಬಿದಿರೆ, ಕಾರ್ಕಳ, ವೇಣೂರಿನ ಕಡೆ ತೆಂಗಿನ ಹಾಲಿನ ಪಾಯಸವೇ ಮುಖ್ಯ. ಹೆಸರುಬೇಳೆ ಪಾಯಸ, ಬಾಳೆಹಣ್ಣಿನ ರಸಾಯನ, ಹಲಸಿನ ಕಾಲದಲ್ಲಿ ಹಣ್ಣಿನ ಗಟ್ಟಿ. ಇಲ್ಲಿಯೂ ಪಾಯಸ ವಿಶೇಷದ ಅಡುಗೆ. ದಿನನಿತ್ಯಕ್ಕೆ ಹಿತ್ತಲಿನ ಬಾಳೆಹಣ್ಣು ಸಾಕು. ಹಾಸನ, ಮೈಸೂರು, ತುಮಕೂರು ಕಡೆಯ ಮನೆಗಳಲ್ಲಿ ಡಬ್ಬಿಯಲ್ಲಿ ರವೆಉಂಡೆ, ತಂಬಿಟ್ಟು ಇರುವುದು ಮಾಮೂಲು, ಆದರೆ ಅದು ಊಟದ ಜೊತೆಗಲ್ಲ, ನಡುಹಗಲಿನ ಹಸಿವಿಗೆ.

ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳ ಗುಜರಾತಿ, ರಾಜಸ್ಥಾನಿ ಮೂಲದ ಮನೆಗಳಲ್ಲಿ ಸಿಹಿ ಹೆಚ್ಚು ಸಲ ಕಾಣುತ್ತದೆ. ಸುಖಡಿ, ಮೋಹನಥಾಳ, ಚೂರ್ಮಾ ಉಂಡೆಯಂಥ ಒಣ ಸಿಹಿ ಡಬ್ಬಿಯಲ್ಲಿರುತ್ತವೆ. ದಾಲ್‌ಗೂ ಒಂದಿಷ್ಟು ಬೆಲ್ಲ ಬೀಳುತ್ತದೆ. ಆದರೆ ವರ್ಷದಲ್ಲಿ ಸಿಹಿ ಪೂರ್ತಿ ನಿಂತುಹೋಗುವ ದಿನಗಳೂ ಇದೇ ಮನೆಗಳಲ್ಲಿ ಹೆಚ್ಚು. ಚೈತ್ರ ಮತ್ತು ಆಶ್ವಯುಜದ ನವಪದ ಓಳಿಯ ಒಂಬತ್ತು ದಿನ ಆಯಂಬಿಲ್ ಮಾಡುವವರಿಗೆ ಹಾಲು, ತುಪ್ಪ, ಎಣ್ಣೆ, ಬೆಲ್ಲ, ಸಕ್ಕರೆ ಯಾವುದೂ ಇಲ್ಲ. ಜೂನ್ ಮೂರನೆಯ ವಾರದಲ್ಲಿ ಆರ್ದ್ರಾ ನಕ್ಷತ್ರ ಬಂದ ದಿನದಿಂದ ಎಷ್ಟೋ ಮನೆಗಳಲ್ಲಿ ಮಾವು ಕೂಡ ಬಂದ್. ಪೇಟೆಯಲ್ಲಿ ಹಣ್ಣು ಎಷ್ಟೇ ಅಗ್ಗವಾದರೂ ಆಮರಸ ಮತ್ತೆ ಮುಂದಿನ ವರ್ಷಕ್ಕೇ.

ಆರು ರಸಗಳಲ್ಲಿ ಒಂದು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಆರು ಬಾಹ್ಯ ತಪಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ದಿಗಂಬರ ರೂಢಿಯಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂದು ಆರು ರಸ. ಶ್ವೇತಾಂಬರರು ಇದನ್ನೇ ವಿಗಯಿ ಎನ್ನುತ್ತಾರೆ. ಅವರ ಪಟ್ಟಿಯಲ್ಲಿ ಉಪ್ಪಿನ ಜಾಗದಲ್ಲಿ ಕರಿದ ಪದಾರ್ಥವಿದೆ. ಎರಡು ಪಟ್ಟಿಯಲ್ಲೂ ಬೆಲ್ಲ-ಸಕ್ಕರೆ ಇದ್ದೇ ಇದೆ. ಜೇನು ಈ ಆರರಲ್ಲಿ ಸೇರುವುದಿಲ್ಲ. ಅದು ಮದ್ಯ, ಮಾಂಸಗಳ ಸಾಲಿನಲ್ಲಿ ಶ್ರಾವಕನ ಮೂಲಗುಣದಲ್ಲೇ ಬಿಟ್ಟದ್ದು, ಆದ್ದರಿಂದ "ಸಕ್ಕರೆ ಬದಲು ಜೇನು" ಎಂಬ ಆರೋಗ್ಯ ಸಲಹೆಗೆ ಜೈನ ಮನೆಯಲ್ಲಿ ಜಾಗವಿಲ್ಲ.

ಮುನಿಗಳಲ್ಲಿ ಜೀವನಪೂರ್ತಿ ಸಿಹಿ ಬಿಟ್ಟವರಿದ್ದಾರೆ. ಆಹಾರದಾನಕ್ಕೆ ಅಡುಗೆ ಮಾಡುವ ಮನೆಯವರು ಯಾವ ರಸ ತ್ಯಾಗವಿದೆಯೆಂದು ಮೊದಲೇ ತಿಳಿದುಕೊಳ್ಳುವುದು ಇದಕ್ಕಾಗಿಯೇ. ಗೃಹಸ್ಥರಿಗೆ ಸುಲಭದ ದಾರಿ ವಾರದ ನಿಯಮ. ದಿಗಂಬರರಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮ ಹೀಗೆ: ಭಾನುವಾರ ಉಪ್ಪು, ಸೋಮವಾರ ಹಸಿರು, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಶುಕ್ರವಾರ ಮೊಸರು, ಶನಿವಾರ ಎಣ್ಣೆ. ಏಳನ್ನೂ ಪಾಲಿಸುವವರು ಕಡಿಮೆ, ಮಂಗಳವಾರದ ಸಿಹಿ ಒಂದನ್ನು ಹಿಡಿದವರು ಸಾಕಷ್ಟು. ಅಷ್ಟಮಿ, ಚತುರ್ದಶಿಯಂದು ಏಕಾಶನ ಮಾಡುವವರು, ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣದ ಹತ್ತು ದಿನ ಸಿಹಿ ಬಿಡುವವರು, ಚಾತುರ್ಮಾಸದ ನಾಲ್ಕು ತಿಂಗಳೂ ಬಿಡುವವರು ಇವರನ್ನೆಲ್ಲ ಸೇರಿಸಿ ನೋಡಿದರೆ, ಒಂದೇ ಮನೆಯಲ್ಲಿ ಐದು ಜನರಿಗೆ ಐದು ಬಗೆಯ ಲೆಕ್ಕವಿರುವುದು ವಿಚಿತ್ರವೇನಲ್ಲ. ಸಿಹಿ ಮಾಡುವ ದಿನವನ್ನು ಅತ್ತೆಯ ನಿಯಮ ನೋಡಿ ಆರಿಸುವ ಸೊಸೆ, ಅಜ್ಜಿಗೆ ಬೇಡವೆಂದು ತಮ್ಮ ಪಾಲಿನದನ್ನು ಅಡುಗೆಮನೆಯಲ್ಲೇ ನಿಂತು ತಿಂದು ಬರುವ ಮೊಮ್ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ.

ನಿಯಮ ಹಿಡಿಯುವಾಗ ತಕರಾರಾಗುವುದು ಎಲ್ಲಿ ಗೆರೆ ಎಳೆಯುವುದು ಎಂಬಲ್ಲಿ. ಹಣ್ಣು ಸಿಹಿಯೇ? ಖರ್ಜೂರ, ಒಣದ್ರಾಕ್ಷಿ? ಕಾಫಿಯ ಸಕ್ಕರೆ? ರಸಂಗೆ ಹಾಕುವ ಗೋಲಿಯಷ್ಟು ಬೆಲ್ಲ? ಸಾಮಾನ್ಯವಾಗಿ ಸಿಹಿ ತ್ಯಾಗವೆಂದರೆ ಸಕ್ಕರೆ, ಬೆಲ್ಲ, ಕಬ್ಬಿನ ಹಾಲು ಮತ್ತು ಅವುಗಳಿಂದ ಮಾಡಿದ್ದು; ತಾಜಾ ಹಣ್ಣು ಇದರಲ್ಲಿ ಬರುವುದಿಲ್ಲ. ಖರ್ಜೂರದ ವಿಷಯದಲ್ಲಿ ಎರಡು ಮಾತಿದೆ. ಸಕ್ಕರೆ ಬಿಟ್ಟು ಖರ್ಜೂರದ ಬರ್ಫಿ ತಟ್ಟೆತುಂಬ ತಿಂದರೆ ನಿಯಮ ಉಳಿದರೂ ನಾಲಗೆಯ ಚಪಲ ಹಾಗೇ ಉಳಿಯಿತಲ್ಲ ಎನ್ನುತ್ತಾರೆ ತ್ಯಾಗಿಗಳು, ಮತ್ತು ಆ ಮಾತಿನಲ್ಲಿ ಹುರುಳಿದೆ. ನಿಯಮ ಕೊಡುವ ಮುನಿಗಳ ಅಥವಾ ಮಾತಾಜಿಯವರ ಮುಂದೆಯೇ ಏನು ಬಿಟ್ಟದ್ದು, ಏನು ಇಟ್ಟುಕೊಂಡದ್ದು, ಎಷ್ಟು ಕಾಲಕ್ಕೆ ಎಂಬುದನ್ನು ಬಾಯಿಬಿಟ್ಟು ಹೇಳಿಕೊಂಡರೆ ಆಮೇಲೆ ಸಂಶಯದಲ್ಲಿ ಒದ್ದಾಡುವ ಪ್ರಸಂಗ ಬರುವುದಿಲ್ಲ.

ಮರ್ಯಾದೆ ಎಂಬ ಗಡುವು

ಜೈನ ಮನೆಯಲ್ಲಿ ಸಿಹಿ ಎಷ್ಟು ಸಲ ಆಗುತ್ತದೆ ಎಂಬುದನ್ನು ತೀರ್ಮಾನಿಸುವುದರಲ್ಲಿ ಆಸೆಗಿಂತ ಮರ್ಯಾದೆಯ ಪಾತ್ರ ದೊಡ್ಡದು. ಮರ್ಯಾದೆ ಎಂದರೆ ಒಂದು ಪದಾರ್ಥ ಎಷ್ಟು ಹೊತ್ತು ಅಥವಾ ಎಷ್ಟು ದಿನ ಭಕ್ಷ್ಯವಾಗಿರುತ್ತದೆ ಎಂಬ ಗಡುವು. ದಿಗಂಬರ ಪರಂಪರೆಯ ಶೋಧದ ಅಡುಗೆಯಲ್ಲಿ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ. ನೀರು ಸೋಕದಂತೆ ಹಿಟ್ಟು, ತುಪ್ಪ, ಸಕ್ಕರೆಪುಡಿಯಿಂದ ಮಾಡಿದ ಉಂಡೆಗೂ ಇದೇ ಗಡುವು. ನೀರಿನ ಅಂಶ ಹೆಚ್ಚಿರುವ ಶಿರಾದಂಥದ್ದಕ್ಕೆ ನಾಲ್ಕು ಪ್ರಹರ, ಅಂದರೆ 12 ಗಂಟೆ. ಪಾಯಸದಂಥ ತೆಳುವಾದದ್ದಕ್ಕೆ ಅದಕ್ಕಿಂತಲೂ ಕಡಿಮೆ. ಶ್ವೇತಾಂಬರ ರೂಢಿಯಲ್ಲಿ ಒಣ ಮಿಠಾಯಿಗೆ ಹೆಚ್ಚು ಕಾಲಾವಕಾಶ: ಚಳಿಗಾಲದಲ್ಲಿ 30 ದಿನ, ಬೇಸಿಗೆಯಲ್ಲಿ 20, ಮಳೆಗಾಲದಲ್ಲಿ 15. ಅದಕ್ಕೂ ಮೊದಲೇ ಬಣ್ಣ, ವಾಸನೆ, ರುಚಿ ಕೆಟ್ಟರೆ ಗಡುವು ಅಲ್ಲಿಗೇ ಮುಗಿಯಿತು.

ಇದರಿಂದ ಎರಡು ಪರಿಣಾಮ. ಒಂದು, ಮಾಡಿಟ್ಟು ವಾರಗಟ್ಟಲೆ ತಿನ್ನುವ ರೂಢಿ ಬೆಳೆಯಲಿಲ್ಲ. ಹೋಳಿಗೆ ಮಾಡಿದರೆ ಆ ದಿನವೇ ಮುಗಿಯಬೇಕು, ನೆರೆಮನೆಗೆ ಕೊಟ್ಟಾದರೂ ಮುಗಿಸಬೇಕು. ಎರಡು, ಡಬ್ಬಿಯಲ್ಲಿ ಇಡುವ ಸಿಹಿ ಎಂದರೆ ಒಣ ಉಂಡೆಯೇ ಆಯಿತು. ಬೇಸನ್ ಉಂಡೆಗೆ ಇಷ್ಟು ಮನೆಗಳಲ್ಲಿ ಪಟ್ಟದ ಸ್ಥಾನ ಸಿಕ್ಕಿರುವುದು ರುಚಿಯೊಂದರಿಂದಲೇ ಅಲ್ಲ. ಫ್ರಿಜ್ ಬಂದ ಮೇಲೆ ಈ ಲೆಕ್ಕ ಸಡಿಲವಾಗಿದೆ. ಮೊನ್ನೆಯ ಕ್ಯಾರೆಟ್ ಹಲ್ವ ತಿನ್ನುವ ಜೈನ ಮನೆ ಸಿಗಲಿಕ್ಕಿಲ್ಲ, ಅದು ಗಡ್ಡೆಯಾದ್ದರಿಂದ. ಮೊನ್ನೆಯ ಶಾವಿಗೆ ಪಾಯಸ ತಿನ್ನುವ ಮನೆ ಸಿಗಬಹುದು.

ಕೂಡಿ ತಿನ್ನುವುದರಲ್ಲೂ ನಿಯಮವಿದೆ. ಬೇಳೆಕಾಳಿನ ಜೊತೆ ಹಸಿ ಹಾಲು, ಮೊಸರು ಸೇರಿದರೆ ದ್ವಿದಳ ದೋಷ. ಕಡ್ಲೆಬೇಳೆ ಹೂರಣದ ಹೋಳಿಗೆ ಉಂಡು ಅದೇ ತಟ್ಟೆಯಲ್ಲಿ ಮಜ್ಜಿಗೆ ಅನ್ನ ಕಲಸುವುದನ್ನು ಕಟ್ಟುನಿಟ್ಟಿನವರು ಒಪ್ಪುವುದಿಲ್ಲ; ಬಾಯಿ ಮುಕ್ಕಳಿಸಿ, ತಟ್ಟೆ ಬದಲಿಸುತ್ತಾರೆ ಅಥವಾ ಆ ಹೊತ್ತು ಮಜ್ಜಿಗೆಯನ್ನೇ ಬಿಡುತ್ತಾರೆ. ಮೊಸರಿಗೆ ಬೆಲ್ಲ ಬೆರೆಸುವುದೂ ದಿಗಂಬರ ಹಿರಿಯರಲ್ಲಿ ನಿಷಿದ್ಧ. ಪಂಚ ಉದುಂಬರ ಫಲಗಳ ತ್ಯಾಗ ಇರುವವರು ಅಂಜೂರದ ಬರ್ಫಿಯನ್ನು ಮುಟ್ಟುವುದಿಲ್ಲ, ಅಂಗಡಿಯವರು ಅದನ್ನು "ಸಕ್ಕರೆ ಇಲ್ಲದ್ದು" ಎಂದು ಎಷ್ಟು ಹೊಗಳಿದರೂ.

ಸಂಜೆ ಊಟದ ಸಿಹಿ

ರಾತ್ರಿಭೋಜನ ತ್ಯಾಗ ಪಾಲಿಸುವ ಮನೆಯಲ್ಲಿ ಊಟವಾಗಿ ಒಂದು ಗಂಟೆ ಬಿಟ್ಟು ಐಸ್‌ಕ್ರೀಂ ಎಂಬುದಕ್ಕೆ ಎಡೆಯೇ ಇಲ್ಲ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯಾಸ್ತ ಸಂಜೆ 5.50ರ ಸುಮಾರಿಗೆ, ಜುಲೈ ಮೊದಲಿಗೆ 6.50ರ ಸುಮಾರಿಗೆ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರಿಗೆ ಚಳಿಗಾಲದಲ್ಲಿ ಐದು ಗಂಟೆಗೆ ಬಾಯಿ ಕಟ್ಟಿದಂತೆ. ಕಚೇರಿ, ಟ್ಯೂಷನ್ ಮುಗಿಸಿ ಏಳಕ್ಕೆ ಮನೆಗೆ ಬರುವವರು ಇದ್ದಲ್ಲಿ ಸಂಜೆಯ ಊಟವೇ ಕಷ್ಟ, ಸಿಹಿಯ ಮಾತು ದೂರ. ಹೀಗಾಗಿ ಇಂಥ ಮನೆಗಳಲ್ಲಿ ಸಿಹಿ ಏನಿದ್ದರೂ ಮಧ್ಯಾಹ್ನಕ್ಕೆ, ಅದರಲ್ಲೂ ಎಲ್ಲರೂ ಕೂಡುವ ಭಾನುವಾರದ ಮಧ್ಯಾಹ್ನಕ್ಕೆ ಬಂದು ನಿಂತಿದೆ.

ಸಕ್ಕರೆ ಕಾಯಿಲೆ ಮತ್ತು ನಿಯಮ

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟಿನ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಊಟಕ್ಕೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ. ಎರಡೆರಡು ಚಮಚ ಸಕ್ಕರೆಯ ಎರಡು ಲೋಟ ಕಾಫಿಯಲ್ಲೇ 16ರಿಂದ 20 ಗ್ರಾಂ ಮುಗಿದಿರುತ್ತದೆ. ಬೆಲ್ಲವೂ ಇದೇ ಲೆಕ್ಕದಲ್ಲಿ ಬರುತ್ತದೆ. "ಬೆಲ್ಲ ಏನೂ ಮಾಡಲ್ಲ" ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿ ಬೇರೂರಿದೆ. ಅದರಲ್ಲಿ ಒಂದಿಷ್ಟು ಖನಿಜಾಂಶ ಇದ್ದರೂ ಬಹುಪಾಲು ಸುಕ್ರೋಸೇ, ರಕ್ತದ ಸಕ್ಕರೆ ಏರುವುದು ತಪ್ಪುವುದಿಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಸಿಹಿ ತ್ಯಾಗ ಮತ್ತು ಮಧುಮೇಹ ಒಂದಕ್ಕೊಂದು ಹೊಂದುತ್ತವೆ ಎಂದು ತೋರಿದರೂ ಒಂದು ಅಪಾಯದ ಸಂದಿ ಇದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಏಕಾಶನ, ಉಪವಾಸ ಮಾಡಿದಾಗ ಸಕ್ಕರೆ ದಿಢೀರನೆ ಇಳಿಯಬಹುದು. ನಡುಕ, ಬೆವರು, ತಲೆ ಗಿರ್ರೆನ್ನುವುದು, ಮಾತು ತೊದಲುವುದು ಇದರ ಲಕ್ಷಣ. ಪರೀಕ್ಷಿಸಿದಾಗ 70 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ತಡ ಮಾಡದೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ, ನೀರಿನಲ್ಲಿ ಕಲಸಿ ಕೊಡಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. "ಇವತ್ತು ಮಂಗಳವಾರ, ನನಗೆ ಸಿಹಿ ತ್ಯಾಗ" ಎಂದು ಬಾಯಿ ಮುಚ್ಚಿ ಕೂರುವ ಅಜ್ಜಿಯನ್ನು ಒಪ್ಪಿಸುವುದು ಆ ಹೊತ್ತಿನಲ್ಲಿ ಸುಲಭವಲ್ಲ. ಇದಕ್ಕೆ ಪರಂಪರೆಯಲ್ಲೇ ಪರಿಹಾರವಿದೆ. ಶ್ವೇತಾಂಬರರ ಪ್ರತ್ಯಾಖ್ಯಾನದಲ್ಲಿ ಆಗಾರ ಎಂಬ ವಿನಾಯಿತಿಗಳು ಮೊದಲಿನಿಂದಲೂ ಇವೆ. ಅವುಗಳಲ್ಲಿ ಸವ್ವಸಮಾಹಿವತ್ತಿಯಾಗಾರ ಎಂಬುದು ತೀವ್ರ ಅನಾರೋಗ್ಯದಲ್ಲಿ ಸಮಾಧಿಭಾವ ಕಾಯ್ದುಕೊಳ್ಳಲು ಔಷಧಿ ಪಡೆಯುವುದಕ್ಕೆ ಇರುವಂಥದು. ದಿಗಂಬರ ಶ್ರಾವಕರೂ ನಿಯಮ ಹಿಡಿಯುವಾಗಲೇ "ಔಷಧಿಯಾಗಿ ಬೇಕಾದರೆ ವಿನಾಯಿತಿ" ಎಂದು ಹೇಳಿ ಪಡೆಯಬಹುದು. ದಶಲಕ್ಷಣ, ಪರ್ಯೂಷಣಕ್ಕೆ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ, ಹೊತ್ತು ಬದಲಿಸಿಕೊಳ್ಳುವುದು, ವಿನಾಯಿತಿಯ ಮಾತನ್ನು ಮನೆಯ ಎಲ್ಲರಿಗೂ ತಿಳಿಸಿಡುವುದು ಆಗಲೇಬೇಕಾದ ಕೆಲಸ.

ಸಿಹಿ ಬೇಡದ ಧರ್ಮವಲ್ಲ

ಇಷ್ಟೆಲ್ಲ ತ್ಯಾಗದ ಮಾತು ಓದಿ ಜೈನರಿಗೆ ಸಿಹಿ ಕಂಡರಾಗದು ಎಂದುಕೊಳ್ಳಬಾರದು. ದೀರ್ಘ ಉಪವಾಸದ ಬಳಿಕ ಆದಿನಾಥ ಸ್ವಾಮಿ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನಿಂದ ಪಡೆದ ಮೊದಲ ಆಹಾರ ಕಬ್ಬಿನ ಹಾಲು. ಆ ದಿನವೇ ಅಕ್ಷಯ ತೃತೀಯ. 941ರ ಪಂಪನ ಆದಿಪುರಾಣ ಈ ಕಥೆಯನ್ನು ಕನ್ನಡಕ್ಕೆ ತಂದಿತು. ವರ್ಷೀತಪ ಮಾಡಿದ ಶ್ವೇತಾಂಬರರು ಇಂದಿಗೂ ಆ ದಿನ ಕಬ್ಬಿನ ಹಾಲಿನಿಂದಲೇ ಪಾರಣೆ ಮಾಡುತ್ತಾರೆ. ದೀಪಾವಳಿಯ ಬೆಳಗಿನ ಜಾವ ದಿಗಂಬರ ಬಸದಿಗಳಲ್ಲಿ ಮಹಾವೀರರ ನಿರ್ವಾಣದ ಲಾಡು ಅರ್ಪಣೆಯಾಗುತ್ತದೆ. ಕನ್ನಡದಲ್ಲಿ ಹಳೆಯ ಪಾಕಗ್ರಂಥಗಳೂ ಇವೆ: 1025ರ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಗೆ ಒಂದು ಅಧ್ಯಾಯವಿದೆ, 16ನೇ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸ ಸೂಪಶಾಸ್ತ್ರ ಎಂಬ ಇಡೀ ಕೃತಿಯನ್ನೇ ಷಟ್ಪದಿಯಲ್ಲಿ ಬರೆದ, ಹಿಟ್ಟಿನ ಭಕ್ಷ್ಯ, ಪಾನಕ, ಪಾಯಸಗಳನ್ನು ಬಿಡಿಸಿ ಹೇಳಿದ.

ಅಂಗಡಿಯಿಂದ ತರುವಾಗ

ಹಸಿರು ಚುಕ್ಕಿ ಸಸ್ಯಾಹಾರ ಎಂಬುದನ್ನಷ್ಟೇ ಹೇಳುತ್ತದೆ, ಜೈನ ಭಕ್ಷ್ಯ ಎಂದಲ್ಲ. ಜೇನು ಸೇರಿದ ಬಿಸ್ಕತ್ತಿಗೂ ಹಸಿರು ಚುಕ್ಕಿಯೇ. ಮೊಟ್ಟೆ, ಜೆಲಟಿನ್ ಇರುವ ಕೇಕು, ಪುಡ್ಡಿಂಗುಗಳಿಗೆ ಈಗ ಕಂದು ತ್ರಿಕೋನದ ಗುರುತು. ಸಿಹಿಯ ಮೇಲಿನ ಬೆಳ್ಳಿ ಎಲೆಯನ್ನು ಹಿಂದೆ ಪ್ರಾಣಿಯ ಕರುಳಿನ ಪದರಗಳ ನಡುವೆ ಬಡಿದು ತೆಳುಮಾಡುತ್ತಿದ್ದರು. ಎಫ್‌ಎಸ್‌ಎಸ್‌ಎಐ 2016ರಲ್ಲಿ ಇದರ ತಯಾರಿಕೆಯಲ್ಲಿ ಪ್ರಾಣಿಮೂಲದ ವಸ್ತು ಬಳಸಬಾರದೆಂದು ನಿಯಮ ಮಾಡಿತು. ಬಿಡಿಯಾಗಿ ಕೊಳ್ಳುವ ಮಿಠಾಯಿಯ ಎಲೆ ಎಲ್ಲಿಯದೆಂದು ಕೇಳುವುದು ಕಷ್ಟವಾದ್ದರಿಂದ ಎಲೆ ಇಲ್ಲದ್ದನ್ನೇ ತರುವವರು ಹೆಚ್ಚು. ಬೆಲ್ಲ ತಂದರೆ ಕರಗಿಸಿ ಸೋಸಿಯೇ ಬಳಸಬೇಕು, ಇರುವೆ ಇರುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುವುದು ಹಳೆಯ ಕ್ರಮ. ಈಗ ಹೈಡ್ರೋಸ್ ಪುಡಿ ಹಾಕಿ ಬಣ್ಣ ತಿಳಿಗೊಳಿಸುವುದೂ ಇದೆ, ಹೊನ್ನಿನಂತೆ ಹೊಳೆಯುವ ಬೆಲ್ಲಕ್ಕಿಂತ ಕಂದು ಬೆಲ್ಲ ವಾಸಿ ಎನ್ನುವುದು ಅದಕ್ಕೆ.

ಸಕ್ಕರೆಯ ಬಗ್ಗೆ ವಾಟ್ಸಾಪಿನಲ್ಲಿ ಹರಿದಾಡುವ ಎಲುಬಿನ ಇದ್ದಿಲಿನ ಮಾತು ಭಾರತದ ಸಕ್ಕರೆಗೆ ಹೊಂದುವುದಿಲ್ಲ. ಇಲ್ಲಿನ ಕಾರ್ಖಾನೆಗಳು ಸಾಮಾನ್ಯವಾಗಿ ಸುಣ್ಣ ಮತ್ತು ಗಂಧಕದ ಅನಿಲದಿಂದ ರಸ ತಿಳಿಗೊಳಿಸುತ್ತವೆ. ಅಮೆರಿಕದಲ್ಲಿರುವ ಕನ್ನಡ ಜೈನ ಕುಟುಂಬಗಳಿಗೆ ಮಾತ್ರ ಅದು ನಿಜವಾದ ಪ್ರಶ್ನೆ. ಅಲ್ಲಿನ ಕೆಲವು ಕಬ್ಬಿನ ಸಕ್ಕರೆ ಎಲುಬಿನ ಇದ್ದಿಲಿನಲ್ಲಿ ಸೋಸಿದ್ದು. ಬೀಟ್ ಸಕ್ಕರೆಗೆ ಆ ದೋಷವಿಲ್ಲ, ಆದರೆ ಬೀಟ್ ಗಡ್ಡೆ. ಆದ್ದರಿಂದ ಅಲ್ಲಿ ಬಹಳ ಮಂದಿ ಸಾವಯವ ಪ್ರಮಾಣಪತ್ರವಿರುವ ಕಬ್ಬಿನ ಸಕ್ಕರೆಯನ್ನೇ ಆರಿಸುತ್ತಾರೆ, ಅದಕ್ಕೆ ಇದ್ದಿಲು ಬಳಸುವುದಿಲ್ಲ. ಉಳಿದವರು ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಎರಡು ಅಚ್ಚು ಬೆಲ್ಲ ತರಿಸಿಕೊಳ್ಳುತ್ತಾರೆ.